ಓದುಗರ ಪ್ರಶ್ನೆ: ಮನೆಯಲ್ಲೇ ಕಟ್ಟುವ ವಿಮಾನಕ್ಕೆ ಯಾವ ಎಂಜಿನ್ ಮಾನಿಟರ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಕಿಟ್ ತರಿಸಿ ಸ್ವತಃ ಜೋಡಿಸುವ ಲಘು ವಿಮಾನದಲ್ಲಿ ಎಂಜಿನ್ನಿನ ಮೇಲೆ ಕಣ್ಣಿಡುವ ಉಪಕರಣ ಯಾವುದಿರಬೇಕು, ಅದನ್ನು ಹೇಗೆ ಕೂರಿಸಬೇಕು ಎಂಬುದು. ಪತ್ರಗಳೆಲ್ಲ ಮಂಗಳೂರು, ಉಡುಪಿ ಕಡೆಯವು. ಹಾಗಾಗಿ ಇಲ್ಲಿನ ಉಪ್ಪುಗಾಳಿ, ಸೆಕೆ, ನಾಲ್ಕು ತಿಂಗಳ ಮಳೆ ಮೂರನ್ನೂ ಲೆಕ್ಕಕ್ಕೆ ಹಿಡಿದು ಉತ್ತರಿಸಿದ್ದೇವೆ.

ಪ್ರಶ್ನೆ: ಇಬ್ಬರು ಕೂರುವ, ರೆಕ್ಕೆ ಮೇಲಿರುವ ಅಲ್ಯುಮಿನಿಯಂ ವಿಮಾನದ ಕಿಟ್ ಜೋಡಿಸುತ್ತಿದ್ದೇನೆ. ಎಂಜಿನ್ ರೋಟಾಕ್ಸ್ 912 ಯುಎಲ್‌ಎಸ್, ಕಾರ್ಬ್ಯುರೇಟರ್ ಇರುವುದು. ಪ್ಯಾನೆಲ್ ಕತ್ತರಿಸುವ ಮೊದಲು ಮಾನಿಟರ್ ಯಾವುದೆಂದು ತೀರ್ಮಾನವಾಗಬೇಕು. ಗಾರ್ಮಿನ್, ಡೈನಾನ್, ಎಂಜಿಎಲ್, ಗ್ರ್ಯಾಂಡ್ ರ್‍ಯಾಪಿಡ್ಸ್, ಜೆಪಿಐ ಎಲ್ಲದರ ವಿವರ ಓದಿ ತಲೆ ಕೆಟ್ಟಿದೆ. ಹಗಲು ಹೊತ್ತು, ಒಳ್ಳೆಯ ಹವೆಯಲ್ಲಿ ಮಾತ್ರ ಹಾರುವ ಉದ್ದೇಶ. ಒಂದನ್ನು ಹೇಳಿ ಮಾರಾಯ್ರೆ.
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಪರದೆಯಿಂದ ಶುರು ಮಾಡಬೇಡಿ, ಎಂಜಿನ್ನಿನಿಂದ ಶುರು ಮಾಡಿ. ಮೊದಲು ಒಂದು ಹಾಳೆಯಲ್ಲಿ ಏನೇನು ಅಳೆಯಬೇಕೆಂದು ಬರೆಯಿರಿ. ನಿಮ್ಮ ಎಂಜಿನ್ನಿಗೆ ಆರ್‌ಪಿಎಂ 1, ಆಯಿಲ್ ಒತ್ತಡ 1, ಆಯಿಲ್ ಉಷ್ಣತೆ 1, ಸಿಲಿಂಡರ್ ಹೆಡ್ ಅಥವಾ ಕೂಲೆಂಟ್ ಉಷ್ಣತೆ 2, ಎಕ್ಸಾಸ್ಟ್ ಅನಿಲದ ಉಷ್ಣತೆ ಅಂದರೆ ಇಜಿಟಿ 4, ಇಂಧನದ ಒತ್ತಡ 1, ಇಂಧನದ ಹರಿವು 1, ಎರಡು ಟ್ಯಾಂಕಿನ ಮಟ್ಟ 2, ವೋಲ್ಟ್ 1, ಆಂಪಿಯರ್ 1. ಒಟ್ಟು 15. ಹಾರಾಟದಲ್ಲಿ ಕೋನ ಬದಲಿಸುವ ಪ್ರೊಪೆಲ್ಲರ್ ಹಾಕುವುದಾದರೆ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಒತ್ತಡವೂ ಸೇರಿ 16. ಇಷ್ಟು ಒಳಹರಿವನ್ನು ಏಕಕಾಲಕ್ಕೆ ತೆಗೆದುಕೊಳ್ಳದ ಮಾನಿಟರನ್ನು ಪಟ್ಟಿಯಿಂದ ಅಲ್ಲೇ ಹೊಡೆದುಹಾಕಿ. ಎರಡೇ ಇಜಿಟಿ ಸಾಕು ಎನ್ನುವವರ ಮಾತು ಕೇಳಬೇಡಿ. ಎರಡು ಕಾರ್ಬ್ಯುರೇಟರ್ ಇರುವ ಈ ಎಂಜಿನ್ನಿನಲ್ಲಿ 1 ಮತ್ತು 3ನೇ ಸಿಲಿಂಡರಿಗೆ ಒಂದು, 2 ಮತ್ತು 4ಕ್ಕೆ ಇನ್ನೊಂದು ಕಾರ್ಬ್ಯುರೇಟರ್. ನಾಲ್ಕೂ ಕಾಣಿಸಿದರೆ ಮಾತ್ರ ತೊಂದರೆ ಕಾರ್ಬ್ಯುರೇಟರಿನದೋ ಒಂದೇ ಸಿಲಿಂಡರಿನದೋ ಎಂದು ಬೇರ್ಪಡಿಸಲು ಆಗುವುದು.

ಎರಡನೆಯದು ಸೆನ್ಸರಿನ ಜಾತಿ. ಹೆಚ್ಚಿನವರು ಎಡವುವುದು ಇಲ್ಲೇ. ರೋಟಾಕ್ಸ್‌ನಲ್ಲಿ ಹೆಡ್ಡಿಗೂ ಆಯಿಲಿಗೂ ಕಂಪೆನಿಯೇ ಕೂರಿಸಿ ಕಳಿಸುವ ಉಷ್ಣತೆಯ ಸೆನ್ಸರ್ ಥರ್ಮೊಕಪಲ್ (ಎರಡು ಬೇರೆ ಲೋಹದ ತಂತಿ ಬೆಸೆದು, ಬಿಸಿಗೆ ಸಣ್ಣ ವೋಲ್ಟ್ ಕೊಡುವಂಥದ್ದು) ಅಲ್ಲ, ಬಿಸಿಯಾದಂತೆ ರೋಧ ಇಳಿಯುವ ಥರ್ಮಿಸ್ಟರ್. ಇಜಿಟಿ ಮಾತ್ರ ಕೆ ವರ್ಗದ ಥರ್ಮೊಕಪಲ್. ಲೈಕಮಿಂಗ್ ಎಂಜಿನ್ನಿಗೆಂದು ಕಟ್ಟಿದ ಸೆನ್ಸರ್ ಪೊಟ್ಟಣವನ್ನು ಕಣ್ಣುಮುಚ್ಚಿ ತರಿಸಿದರೆ ಅರ್ಧ ಸಾಮಾನು ಕೆಲಸಕ್ಕೆ ಬರುವುದಿಲ್ಲ. ಆಯಿಲ್ ಒತ್ತಡದ ಸೆಂಡರ್‌ನಲ್ಲೂ, ಅಂದರೆ ಒತ್ತಡ ಅಳೆದು ಮಾನಿಟರಿಗೆ ಕಳಿಸುವ ಸೆನ್ಸರಿನಲ್ಲೂ, ಎರಡು ಬಗೆ ಇದೆ. ಹಳೆಯದು ರೋಧ ಬದಲಿಸುವಂಥದ್ದು. ಆಮೇಲೆ ಬಂದದ್ದು ಕರೆಂಟ್ ಕೊಡುವಂಥದ್ದು: 0 ಬಾರ್‌ಗೆ 4 ಮಿಲಿಆಂಪ್, 10 ಬಾರ್‌ಗೆ 20 ಮಿಲಿಆಂಪ್. ಇದಕ್ಕೆ 12 ವೋಲ್ಟ್ ಬೇಕು. ಮಾನಿಟರ್ ವೋಲ್ಟ್ ಮಾತ್ರ ಓದುವಂಥದ್ದಾದರೆ ನಡುವೆ ರೆಸಿಸ್ಟರ್ ಬೇಕು. 240 ಓಮ್ ಹಾಕಿದರೆ 0.96ರಿಂದ 4.8 ವೋಲ್ಟ್ ತನಕ ಸಿಗುತ್ತದೆ. ವೈರು ತುಂಡಾದರೆ ಕರೆಂಟ್ 0ಗೆ ಇಳಿಯುವುದರಿಂದ, ಒತ್ತಡ ಹೋಯಿತೋ ವೈರು ಹೋಯಿತೋ ಎಂದು ತಿಳಿಯುವ ಅನುಕೂಲ ಈ ಬಗೆಯಲ್ಲಿದೆ. ನಿಮ್ಮ ಎಂಜಿನ್ನಿನಲ್ಲಿ ಇರುವುದು ಯಾವುದೆಂದು ಸೆಂಡರಿನ ಮೇಲಿನ ಪಾರ್ಟ್ ನಂಬರ್ ನೋಡಿ ಖಾತ್ರಿ ಮಾಡಿ, ಮಾನಿಟರಿನ ಸೆಟ್ಟಿಂಗ್ ಪಟ್ಟಿಯಲ್ಲಿ ಅದೇ ನಂಬರ್ ಇದೆಯೇ ನೋಡಿ, ಆಮೇಲೆ ದುಡ್ಡು ಕೊಡಿ.

ಇನ್ನು ಆಯ್ಕೆ. ಗಾರ್ಮಿನ್ ಜಿ3ಎಕ್ಸ್ ಅಥವಾ ಡೈನಾನ್ ಸ್ಕೈವ್ಯೂ ಪರದೆಯನ್ನು ಹೇಗೂ ಹಾಕುವುದೇ ಆದರೆ ಅದರದೇ ಎಂಜಿನ್ ಮಾಡ್ಯೂಲ್ ಹಾಕಿ. ಗಾರ್ಮಿನ್‌ಗೆ ಜಿಇಎ 24, ಡೈನಾನ್‌ಗೆ ಇಎಂಎಸ್. ಬೇರೆ ಕಂಪೆನಿಯದನ್ನು ಜೋಡಿಸಹೋಗಿ ಸಮಯ ಹಾಳು ಮಾಡಬೇಡಿ. ಜೆಪಿಐ ಗಟ್ಟಿಮುಟ್ಟಾದ ಉಪಕರಣವೇ, ಆದರೆ ಅದರ ನಿಜವಾದ ಬಲ ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್ನುಗಳಲ್ಲಿ. ದಕ್ಷಿಣ ಆಫ್ರಿಕದ ಎಂಜಿಎಲ್‌ನದು ಬೇರೆ ವಿನ್ಯಾಸ. ಸೆನ್ಸರ್ ವೈರುಗಳೆಲ್ಲ ಆರ್‌ಡ್ಯಾಕ್ ಎಂಬ ಪೆಟ್ಟಿಗೆಗೆ ಬಂದು, ಅಲ್ಲಿಂದ ಪರದೆಗೆ ಒಂದು ಸಣ್ಣ ಕೇಬಲ್ ಹೋಗುತ್ತದೆ. ವೈರಿನ ತೂಕ ಉಳಿಯುತ್ತದೆ. ಅದನ್ನು ಹಾಕುವುದಾದರೆ ಪೆಟ್ಟಿಗೆಯನ್ನು ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಡೆಗೋಡೆಯಾದ ಫೈರ್‌ವಾಲ್‌ನ ಕ್ಯಾಬಿನ್ ಕಡೆ ಕೂರಿಸಿ. ಎಂಜಿನ್ ಕಡೆಯ ಬಿಸಿಯೂ ಉಪ್ಪುಗಾಳಿಯೂ ಅದರ ಕನೆಕ್ಟರಿಗೆ ಒಳ್ಳೆಯದಲ್ಲ.

ಒಂದನ್ನೇ ಹೇಳಿ ಎಂದಿದ್ದೀರಿ. ಗಾರ್ಮಿನ್, ಡೈನಾನ್‌ನಂಥ ದೊಡ್ಡ ಪರದೆಯ ಯೋಚನೆ ಇಲ್ಲದಿದ್ದರೆ ಗ್ರ್ಯಾಂಡ್ ರ್‍ಯಾಪಿಡ್ಸ್‌ನ ಇಐಎಸ್ 4000, ರೋಟಾಕ್ಸ್ 912ಕ್ಕೆ ಹೊಂದಿಸಿದ್ದು. ನೋಡಲು ಹಳೆಯ ಕಾಲದ್ದು, ಬಣ್ಣವಿಲ್ಲ. ಆದರೆ ಯಾವ ಅಂಕಿ ಮಿತಿ ದಾಟಿದರೂ ಪ್ಯಾನೆಲ್ ಮೇಲಿನ ಕೆಂಪು ದೀಪ ಹೊತ್ತಿ, ದಾಟಿದ ಅಂಕಿಯೇ ಎದುರಿಗೆ ಬಂದು ನಿಲ್ಲುತ್ತದೆ. ಒಬ್ಬರೇ ಹಾರಿಸುವಾಗ ಬೇಕಾದದ್ದು ಇದೇ. ಬೆವರು ಕೈಯಲ್ಲೂ ಒತ್ತಬಹುದಾದ ಗುಂಡಿಗಳಿವೆ. ಏಪ್ರಿಲ್, ಮೇ ಸೆಕೆಯಲ್ಲಿ ಟಚ್‌ಸ್ಕ್ರೀನ್ ಎಷ್ಟು ಕಾಡುತ್ತದೆ ಎಂಬುದು ಕೂತು ನೋಡಿದರೆ ಗೊತ್ತಾಗುತ್ತದೆ. ಇದರ ಕೊರತೆಯೆಂದರೆ ದಾಖಲೆ. ಸೀರಿಯಲ್ ಔಟ್‌ಪುಟ್ಟಿಗೆ ಬೇರೆ ರೆಕಾರ್ಡರ್ ಹಚ್ಚಿ, ಪ್ರತಿ ಸೆಕೆಂಡಿನ ಅಂಕಿ ಕಾರ್ಡಿನಲ್ಲಿ ಉಳಿಯುವಂತೆ ಮಾಡಿಕೊಳ್ಳಿ. ಹಾರುವಾಗ ಕಣ್ಣಿಗೆ ಬೀಳದ ನಿಧಾನದ ಬದಲಾವಣೆ ಮನೆಗೆ ಬಂದು ಸ್ಪ್ರೆಡ್‌ಶೀಟಿನಲ್ಲಿ ನೋಡಿದಾಗ ಸಿಗುತ್ತದೆ. ಮುಂದೆ ಎಂದಾದರೂ ಇಂಜೆಕ್ಷನ್ ಇರುವ 912 ಐಎಸ್‌ಗೆ ಬದಲಾಯಿಸುವ ಆಲೋಚನೆ ಇದ್ದರೆ ಮಾತ್ರ ಈ ಸಲಹೆ ಬದಲಾಗುತ್ತದೆ. ಅದರ ಮಾಹಿತಿ ಎಂಜಿನ್ನಿನ ಕಂಪ್ಯೂಟರಿನಿಂದ ಕ್ಯಾನ್ (CAN) ಎಂಬ ಡಿಜಿಟಲ್ ಮಾಹಿತಿಯ ಕೇಬಲ್ ಮೂಲಕವೇ ಬರುವುದರಿಂದ ಅದನ್ನು ಓದಬಲ್ಲ ಮಾನಿಟರೇ ಬೇಕು.

ಎಚ್ಚರಿಕೆಯ ಮಿತಿಗಳನ್ನು ನಿಮ್ಮ ಎಂಜಿನ್ ಸೀರಿಯಲ್ ನಂಬರಿನ ಕೈಪಿಡಿ ನೋಡಿಯೇ ತುಂಬಿ. ಯುಎಲ್‌ಎಸ್‌ಗೆ ಸಾಮಾನ್ಯವಾಗಿ ಹೀಗಿರುತ್ತದೆ: ಗರಿಷ್ಠ 5800 ಆರ್‌ಪಿಎಂ ಐದೇ ನಿಮಿಷ, ನಿರಂತರ 5500. ಆಯಿಲ್ ಉಷ್ಣತೆ ಕನಿಷ್ಠ 50, ಗರಿಷ್ಠ 130 ಡಿಗ್ರಿ, 90ರಿಂದ 110ರ ನಡುವೆ ಇದ್ದರೆ ಉತ್ತಮ. ಆಯಿಲ್ ಒತ್ತಡ 3500 ಆರ್‌ಪಿಎಂ ಮೇಲೆ 2ರಿಂದ 5 ಬಾರ್, ಅದಕ್ಕಿಂತ ಕೆಳಗೆ 0.8ಕ್ಕೆ ಕಡಿಮೆಯಾಗಬಾರದು, ತಣ್ಣಗಿನ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತು 7ರ ತನಕ ಹೋಗಬಹುದು. ಇಜಿಟಿ 880 ಡಿಗ್ರಿ ದಾಟಬಾರದು. ಹೆಡ್ಡಿನ ವಿಷಯದಲ್ಲಿ ಜಾಗ್ರತೆ ಬೇಕು. ಹಳೆಯ ಹೆಡ್ಡಿನಲ್ಲಿ ಅಳೆಯುವುದು ಲೋಹದ ಬಿಸಿ, ಮಿತಿ 135 ಡಿಗ್ರಿ. ಹೊಸ ಹೆಡ್ಡಿನಲ್ಲಿ ಸೆನ್ಸರಿನ ತುದಿ ಕೂಲೆಂಟಿನಲ್ಲೇ ಮುಳುಗಿರುತ್ತದೆ, ಮಿತಿ 120. ಹಳೆಯ ಅಂಕಿಯನ್ನು ಹೊಸ ಎಂಜಿನ್ನಿಗೆ ತುಂಬಿದರೆ ಕೂಲೆಂಟ್ ಕುದಿದು ಹೋದ ಮೇಲೆ ದೀಪ ಹೊತ್ತುತ್ತದೆ. ಕೆಂಪು ದೀಪವನ್ನು ಮಿತಿಗಿಂತ ಐದು ಡಿಗ್ರಿ ಮೊದಲೇ ಹೊತ್ತುವಂತೆ ಇಡಿ. ಇಂಧನದ ಒತ್ತಡ ಈ ಎಂಜಿನ್ನಿಗೆ 0.15ರಿಂದ 0.4 ಬಾರ್ ಅಷ್ಟೇ, ಹೊಸ ಪಂಪಿಗೆ ಮೇಲಿನ ಮಿತಿ ಸ್ವಲ್ಪ ಹೆಚ್ಚು. ಆದ್ದರಿಂದ 0ರಿಂದ 1 ಬಾರ್ ಅಳೆಯುವ ಸೆಂಡರ್ ತನ್ನಿ. 7 ಬಾರ್‌ನದ್ದು ತಂದರೆ ಇಡೀ ಸುರಕ್ಷಿತ ವಲಯ ಅದರ ಅಳತೆಯ ಇಪ್ಪತ್ತೆಂಟರಲ್ಲಿ ಒಂದು ಪಾಲಿನಲ್ಲಿ ಮುಗಿದುಹೋಗುತ್ತದೆ.

ಇಂಧನದ ಹರಿವಿಗೆ ಎಲ್ಲರೂ ಹಾಕುವ ಕೆಂಪು ಚೌಕದ ಟರ್ಬೈನ್ ಸೆನ್ಸರ್, ಎಫ್‌ಟಿ-60, ನಿಮಗೂ ಸರಿ. ವೈರು ಮೇಲ್ಮುಖವಾಗಿರಬೇಕು, ಫಿಲ್ಟರ್ ಅದಕ್ಕಿಂತ ಮೊದಲಿರಬೇಕು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಲೇಬಾರದು. ಟೇಪಿನ ಚೂರು ಒಳಗಿನ ಚಕ್ರಕ್ಕೆ ಸಿಕ್ಕಿ ಹರಿವು ನಿಂತಂತೆ ತೋರಿಸುತ್ತದೆ, ಇಲ್ಲವೇ ಮುಂದೆ ಹೋಗಿ ಕಾರ್ಬ್ಯುರೇಟರಿನ ಜೆಟ್ ಕಟ್ಟುತ್ತದೆ. ರೋಟಾಕ್ಸ್‌ನಲ್ಲಿ ಪಂಪಿನಿಂದ ಟ್ಯಾಂಕಿಗೆ ಮರಳುವ ಕೊಳವೆ ಇರುವುದರಿಂದ ಸೆನ್ಸರನ್ನು ಪಂಪಿಗಿಂತ ಮೊದಲು ಹಾಕಿದರೆ ಮರಳಿ ಹೋದ ಪೆಟ್ರೋಲೂ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ. ಕವಲು ಒಡೆದ ಮೇಲೆ, ಕಾರ್ಬ್ಯುರೇಟರುಗಳ ಕಡೆ ಹೋಗುವ ಕೊಳವೆಯಲ್ಲಿ ಹಾಕಿ. ಅಲ್ಲಿ ಬಿಸಿ ಹೆಚ್ಚು, ಹಾಗಾಗಿ ಎಕ್ಸಾಸ್ಟಿನಿಂದ ದೂರವಿಟ್ಟು ಬೆಂಕಿ ತಡೆಯುವ ತೋಳು ತೊಡಿಸಿ. ಶೇ. 75 ಶಕ್ತಿಯಲ್ಲಿ ಗಂಟೆಗೆ ಸುಮಾರು 18.5 ಲೀಟರ್, ಟೇಕ್‌ಆಫ್‌ನಲ್ಲಿ 27 ಲೀಟರ್ ಈ ಎಂಜಿನ್ನಿನ ಲೆಕ್ಕ. ಮಾನಿಟರ್ ಗಂಟೆಗೆ 60 ತೋರಿಸಿದರೆ ಸೆನ್ಸರ್ ತಪ್ಪು ಜಾಗದಲ್ಲಿದೆ ಎಂದರ್ಥ. ಎಫ್‌ಟಿ-60ಗೆ ಆರಂಭದಲ್ಲಿ ತುಂಬುವ ಸಂಖ್ಯೆ ಗ್ಯಾಲನ್ನಿಗೆ 68,000 ಪಲ್ಸ್. ಕೆಲವು ಹಾರಾಟದ ಬಳಿಕ, ಮಾನಿಟರ್ ತೋರಿಸಿದ ಖರ್ಚನ್ನು ನಿಜವಾಗಿ ತುಂಬಿದ ಪೆಟ್ರೋಲಿನಿಂದ ಭಾಗಿಸಿ ಈ ಸಂಖ್ಯೆಗೆ ಗುಣಿಸಿ. ಮಾನಿಟರ್ 42 ಲೀಟರ್ ಅಂದು, ತುಂಬಿದ್ದು 40 ಆದರೆ ಹೊಸ ಸಂಖ್ಯೆ 71,400.

ವೈರಿಂಗ್ ಮಾಡುವಾಗ ಅರ್ಥಿಂಗ್ ಬಗ್ಗೆ ಹಟ ಹಿಡಿಯಿರಿ. ರೋಧದ ಸೆಂಡರುಗಳು ಎಂಜಿನ್ ಬ್ಲಾಕಿನ ಮೂಲಕವೇ ಅರ್ಥ್ ಹಿಡಿಯುತ್ತವೆ. ಎಂಜಿನ್ ಮತ್ತು ಮಾನಿಟರ್ ಎರಡಕ್ಕೂ ಒಂದೇ ಅರ್ಥ್ ಬಿಂದು ಇರಲಿ, ಎಂಜಿನ್ನಿನಿಂದ ಅಲ್ಲಿಗೆ ದಪ್ಪ ಹೆಣೆದ ಪಟ್ಟಿ ಬರಲಿ. ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಮಾಸ್ಟರ್ ಸ್ವಿಚ್ ಹಾಕಿ, ಆಯಿಲ್ ಉಷ್ಣತೆ ನೋಡುತ್ತ ಲ್ಯಾಂಡಿಂಗ್ ಲೈಟನ್ನೂ ಇಂಧನದ ಪಂಪನ್ನೂ ಒಂದೊಂದಾಗಿ ಹಾಕಿ. ಅಂಕಿ ಒಂದೆರಡು ಡಿಗ್ರಿಗಿಂತ ಹೆಚ್ಚು ಜಿಗಿದರೆ ಅರ್ಥ್ ಸರಿಯಿಲ್ಲ. ಸೆಂಡರ್ ಬದಲಿಸಿ ಪ್ರಯೋಜನವಿಲ್ಲ.

ಥರ್ಮೊಕಪಲ್ ವೈರು ಗಿಡ್ಡವಾದರೆ ತಾಮ್ರದ ವೈರು ಸೇರಿಸಬೇಡಿ. ಥರ್ಮೊಕಪಲ್ ಅಳೆಯುವುದು ಎರಡು ತುದಿಗಳ ಬಿಸಿಯ ವ್ಯತ್ಯಾಸವನ್ನು. ಎಂಜಿನ್ನಿನ ಹೊದಿಕೆಯಾದ ಕೌಲಿಂಗ್ ಒಳಗೆ 80 ಡಿಗ್ರಿ ಇರುವ ಜಾಗದಲ್ಲಿ ತಾಮ್ರ ಸೇರಿಸಿ, ಪ್ಯಾನೆಲ್ ಹಿಂದೆ 35 ಡಿಗ್ರಿ ಇದ್ದರೆ, ಮಾನಿಟರ್ 45 ಡಿಗ್ರಿ ಕಡಿಮೆ ತೋರಿಸುತ್ತದೆ. ಅದೂ ಸ್ಥಿರವಾದ ತಪ್ಪಲ್ಲ, ಕೌಲಿಂಗ್ ಬಿಸಿಯಾದಷ್ಟೂ ಬೆಳೆಯುವ ತಪ್ಪು. ಕೆ ವರ್ಗದ್ದೇ ಎಕ್ಸ್‌ಟೆನ್ಷನ್ ವೈರು ತನ್ನಿ. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಹಳದಿ ಧನ, ಕೆಂಪು ಋಣ. ನಮ್ಮ ಕೈ ಕೆಂಪನ್ನು ಧನವೆಂದು ಹಿಡಿಯಲು ಪಳಗಿರುವುದರಿಂದ ಅದಲುಬದಲಾಗುವುದು ಇಲ್ಲೇ. ಹಾಗಾದರೆ ಬಿಸಿಯಾದಂತೆ ಅಂಕಿ ಇಳಿಯುತ್ತದೆ.

ಕೊನೆಗೆ ಕರಾವಳಿಯ ಮಾತು. ಮಾನಿಟರಿನ ಹಲವು ಪಿನ್ನುಗಳ ಡಿ-ಸಬ್ ಕನೆಕ್ಟರಿಗೆ ಚಿನ್ನದ ಲೇಪದ, ಕಡೆದು ಮಾಡಿದ ಪಿನ್ನುಗಳನ್ನೇ ಹಾಕಿ, ಬೆಸುಗೆ ಬೇಡ, ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ. ಕನೆಕ್ಟರಿಗೆ ಬರುವ ವೈರು ಒಮ್ಮೆ ಕೆಳಗಿಳಿದು ಮೇಲೇರಲಿ, ಆಗ ನೀರು ವೈರಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವುದು ಬೇಡವೇ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲದಿಂದ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ಮಾನಿಟರ್ ಜೊತೆಗೇ ಎರಡು ಇಜಿಟಿ ಪ್ರೋಬ್, ಒಂದು ಆಯಿಲ್ ಒತ್ತಡದ ಸೆಂಡರ್ ಹೆಚ್ಚಿಗೆ ತರಿಸಿ. ಒಂದು ಪ್ರೋಬಿಗಾಗಿ ವಿದೇಶದಿಂದ ಪಾರ್ಸೆಲ್ ಕಾಯುತ್ತ ವಿಮಾನ ನಿಲ್ಲಿಸುವುದು ಬೇಡ.

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಬೋಟುಗಳ ವೈರಿಂಗ್ ಮಾಡುತ್ತೇನೆ. ಸ್ನೇಹಿತರೊಬ್ಬರ ವಿಮಾನಕ್ಕೆ ಸಹಾಯ ಮಾಡಬೇಕಾಗಿದೆ. ಬೋಟಿನ ತವರ ಲೇಪದ ವೈರು, ಬೋಟಿನ ಒತ್ತಡದ ಸೆಂಡರ್ ಹಾಕಬಹುದೇ?
— ಓದುಗರೊಬ್ಬರು, ಮಲ್ಪೆ

ಉತ್ತರ: ತವರ ಲೇಪ ಬೇಕು ಎಂಬ ನಿಮ್ಮ ಅನುಭವ ನೂರಕ್ಕೆ ನೂರು ಸರಿ. ಬರಿ ತಾಮ್ರದ ಕಾರಿನ ವೈರು ಈ ಗಾಳಿಗೆ ಒಳಗೊಳಗೇ ಕಪ್ಪಾಗುತ್ತದೆ. ಆದರೆ ಬೋಟಿನ ವೈರಿನ ಹೊದಿಕೆ ಹೆಚ್ಚಾಗಿ ಪಿವಿಸಿ. ಅದು ಬಿಸಿಗೆ ಮೆತ್ತಗಾಗುತ್ತದೆ, ಸುಟ್ಟರೆ ದಟ್ಟ ಹೊಗೆ ಜೊತೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಸಣ್ಣ ಕ್ಯಾಬಿನ್ನಿನಲ್ಲಿ ಅದನ್ನು ಉಸಿರಾಡುವ ಹಾಗಿಲ್ಲ. ಟೆಫ್ಜೆಲ್ ಹೊದಿಕೆಯ ತವರ ಲೇಪದ ವೈರು, 150 ಡಿಗ್ರಿ ತಡೆಯುವುದು, ವಿಮಾನಕ್ಕೆಂದೇ ಬರುತ್ತದೆ. ಸೆನ್ಸರುಗಳಿಗೆ 22 ಗೇಜ್, ಅಂದರೆ ಸುಮಾರು 0.33 ಚದರ ಮಿಲಿಮೀಟರ್ ಸಾಕು. ಅಂಟು ಇರುವ ಹೀಟ್‌ಶ್ರಿಂಕನ್ನು (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಹಿಡಿಯುವ ಕೊಳವೆ) ನೀವು ಬೋಟಿಗೆ ಹಾಕುವಂತೆಯೇ ಇಲ್ಲೂ ಹಾಕಿ.

ಸೆಂಡರಿನಲ್ಲಿ ಎರಡು ಲೋಕವಿದೆ. ಯುರೋಪಿನ ಪದ್ಧತಿ 10ರಿಂದ 180 ಓಮ್, ಅಮೆರಿಕದ್ದು 240ರಿಂದ 33 ಓಮ್. ಒಂದರಲ್ಲಿ ಒತ್ತಡ ಏರಿದರೆ ರೋಧ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಮಾನಿಟರ್ ಯಾವುದನ್ನು ಕೇಳುತ್ತದೋ ಅದನ್ನೇ ಕೊಡಬೇಕು. ಸೆಂಡರಿನ ಮೈಯೇ ಅರ್ಥ್ ಆಗಿರುವ ಕಡೆ ಥ್ರೆಡ್ಡಿಗೆ ಟೇಪ್ ಸುತ್ತಿದರೆ ಅರ್ಥ್ ತಪ್ಪುತ್ತದೆ. ಇದು ನಿಮಗೆ ಗೊತ್ತಿರುವುದೇ.

ಪ್ರಶ್ನೆ: ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಸಣ್ಣ ಎಂಜಿನ್ನಿನ ಟೆಸ್ಟ್ ಬೆಂಚಿಗೆ ಆರ್ಡುಯಿನೊ ಬೋರ್ಡ್, ಥರ್ಮೊಕಪಲ್ ಓದುವ ಮ್ಯಾಕ್ಸ್31855 ಚಿಪ್ ಹಾಕಿ ನಾಲ್ಕು ಇಜಿಟಿ ಓದಿಸುತ್ತಿದ್ದೇವೆ. ಪ್ರೋಬನ್ನು ಕೈಯಲ್ಲಿ ಹಿಡಿದರೆ ಸರಿಯಾದ ಅಂಕಿ, ಎಂಜಿನ್ನಿಗೆ ಹಾಕಿದ ಕೂಡಲೇ ಫಾಲ್ಟ್. ಇದನ್ನೇ ಮುಂದೆ ವಿಮಾನಕ್ಕೆ ಹಾಕಬಹುದೇ?
— ವಿದ್ಯಾರ್ಥಿಗಳು, ಸುರತ್ಕಲ್

ಉತ್ತರ: ಚಿಪ್ ಕೆಟ್ಟಿಲ್ಲ. ನಿಮ್ಮದು ಗ್ರೌಂಡೆಡ್ ಪ್ರೋಬ್, ಅಂದರೆ ಥರ್ಮೊಕಪಲ್ ಸಂಧಿ ಉಕ್ಕಿನ ಕೋಶಕ್ಕೇ ಬೆಸೆದಿದೆ. ಎಂಜಿನ್ನಿಗೆ ತಾಗಿದೊಡನೆ ಅದು ಅರ್ಥ್‌ಗೆ ಸೇರುತ್ತದೆ. ಮ್ಯಾಕ್ಸ್31855 ಅದನ್ನು ಶಾರ್ಟ್ ಎಂದೇ ಗುರುತಿಸಿ ಫಾಲ್ಟ್ ಕೊಡುತ್ತದೆ. ಅನ್‌ಗ್ರೌಂಡೆಡ್ ಪ್ರೋಬ್ ಹಾಕಿ, ಅಥವಾ ಪ್ರತಿ ಚಾನೆಲ್ಲಿಗೆ ಐಸೊಲೇಟ್ ಆದ ವಿದ್ಯುತ್ ಪೂರೈಕೆ ಕೊಡಿ. ಅನ್‌ಗ್ರೌಂಡೆಡ್ ಪ್ರೋಬ್ ಸ್ವಲ್ಪ ನಿಧಾನ, ಬೆಂಚಿಗೆ ಅಡ್ಡಿಯಿಲ್ಲ. ಇಗ್ನಿಷನ್ ವೈರಿನ ಪಕ್ಕದಲ್ಲಿ ಪ್ರೋಬ್ ವೈರು ಓಡಿಸಬೇಡಿ. ಕೆ ವರ್ಗದ ಥರ್ಮೊಕಪಲ್ ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೊವೋಲ್ಟ್. ಸ್ಪಾರ್ಕಿನ ಗದ್ದಲ ಅದನ್ನು ಸುಲಭವಾಗಿ ನುಂಗುತ್ತದೆ.

ವಿಮಾನಕ್ಕೆ? ಮುಖ್ಯ ಉಪಕರಣವಾಗಿ ಬೇಡ. ಕಂಪನ, ತೇವ, ವೋಲ್ಟೇಜಿನ ಏರಿಳಿತ ತಡೆಯುವಂತೆ ಅದನ್ನು ಕಟ್ಟಿಲ್ಲ. ಮಾನಿಟರಿನ ಪಕ್ಕದಲ್ಲಿ ದಾಖಲೆ ಇಡಲು ಬಳಸಿ. ಬೆಂಚಿನಲ್ಲಿ ಕಲಿತದ್ದು ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: 912 ಯುಎಲ್‌ಎಸ್‌ನಲ್ಲಿ ಒಂದನೇ ಸಿಲಿಂಡರಿನ ಇಜಿಟಿ ಉಳಿದ ಮೂರಕ್ಕಿಂತ 70 ಡಿಗ್ರಿ ಕಡಿಮೆ ತೋರಿಸಲು ಶುರುವಾಗಿದೆ. ಮೊದಲು 20 ಡಿಗ್ರಿ ವ್ಯತ್ಯಾಸವಿತ್ತು. ಎಂಜಿನ್ ಬಿಚ್ಚಬೇಕೇ?
— ಓದುಗರೊಬ್ಬರು, ಕಾರ್ಕಳ

ಉತ್ತರ: ಬಿಚ್ಚುವ ಮೊದಲು ಸೆನ್ಸರನ್ನು ಶಂಕಿಸಿ. 1 ಮತ್ತು 3ರ ಪ್ರೋಬ್ ವೈರುಗಳನ್ನು ಕನೆಕ್ಟರಿನಲ್ಲಿ ಅದಲುಬದಲು ಮಾಡಿ ಓಡಿಸಿ. ಕಡಿಮೆ ಅಂಕಿ ಒಂದನೇ ಚಾನೆಲ್ಲಿನಲ್ಲೇ ಉಳಿದರೆ ದೋಷ ಅಲ್ಲಿಂದ ಮಾನಿಟರಿನ ಕಡೆಗಿನ ವೈರಿನದು ಅಥವಾ ಮಾನಿಟರಿನದು. ಮೂರಕ್ಕೆ ಹೋದರೆ ಪ್ರೋಬಿನದೋ ಸಿಲಿಂಡರಿನದೋ. ಆಗ ವೈರನ್ನು ಮೊದಲಿನಂತೆ ಹಾಕಿ, ಪ್ರೋಬುಗಳನ್ನೇ ಪೈಪಿನಿಂದ ಕಳಚಿ ಅದಲುಬದಲು ಮಾಡಿ, ಆದರೆ ಒಂದನೇ ಪೈಪಿನಲ್ಲಿ ಈಗ ಇರುವ ಪ್ರೋಬ್ ಒಂದನೇ ಚಾನೆಲ್ಲಿಗೇ, ಮೂರರದು ಮೂರಕ್ಕೇ ಸೇರಲಿ. ಈ ಸಲ ಕಡಿಮೆ ಅಂಕಿ ಮೂರಕ್ಕೆ ಹಾರಿದರೆ ಪ್ರೋಬ್ ಸವೆದಿದೆ. ಒಂದರಲ್ಲೇ ನಿಂತರೆ ಮಾತ್ರ ಎಂಜಿನ್ನಿನ ವಿಷಯ. ಪ್ರೋಬುಗಳು ಎಲ್ಲ ಪೈಪಿನಲ್ಲೂ ಹೆಡ್ಡಿನಿಂದ ಒಂದೇ ದೂರದಲ್ಲಿವೆಯೇ ಎಂಬುದನ್ನೂ ಅಳೆದು ನೋಡಿ.

ಎಂಜಿನ್ನಿನದೇ ಎಂದಾದರೆ ಇಗ್ನಿಷನ್ ಪರೀಕ್ಷೆ ಮಾಡಿ. 4000 ಆರ್‌ಪಿಎಂನಲ್ಲಿ ಒಂದು ಇಗ್ನಿಷನ್ ಆರಿಸಿದರೆ ಇಳಿಕೆ 300 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 115 ಮೀರಬಾರದು. ಆ ಹೊತ್ತಿನಲ್ಲಿ ಆರ್‌ಪಿಎಂಗಿಂತ ಇಜಿಟಿಯ ಮೇಲೆ ಹೆಚ್ಚು ಕಣ್ಣಿಡಿ. ಒಂದೇ ಪ್ಲಗ್ಗಿನಿಂದ ಉರಿಯುವಾಗ ಉರಿ ನಿಧಾನವಾಗಿ, ಇನ್ನೂ ಉರಿಯುತ್ತಿರುವ ಅನಿಲ ಪೈಪಿಗೆ ಬರುವುದರಿಂದ ನಾಲ್ಕೂ ಇಜಿಟಿ ಏರಬೇಕು. ಒಂದು ಏರದೆ ಕುಸಿದರೆ ಆ ಸಿಲಿಂಡರಿನಲ್ಲಿ ಆಗ ಕೆಲಸ ಮಾಡಬೇಕಿದ್ದ ಪ್ಲಗ್ ಅಥವಾ ಅದರ ಕ್ಯಾಪ್ ಸತ್ತಿದೆ.

1 ಮತ್ತು 3 ಎರಡೂ ಒಟ್ಟಿಗೆ ಇಳಿದಿದ್ದರೆ ಕಥೆ ಬೇರೆ. ಆ ಕಡೆಯ ಕಾರ್ಬ್ಯುರೇಟರ್ ಪೆಟ್ರೋಲ್ ಹೆಚ್ಚು ಕೊಡುತ್ತಿದೆ. ಚೋಕ್ ಪೂರ್ತಿ ಮುಚ್ಚುತ್ತಿದೆಯೇ ನೋಡಿ, ಆಮೇಲೆ ಬೌಲ್ ಬಿಚ್ಚಿ ಎರಡೂ ಫ್ಲೋಟ್ ಒಟ್ಟಿಗೆ ತೂಗಿ. 7 ಗ್ರಾಂಗಿಂತ ಹೆಚ್ಚಿದ್ದರೆ ಅವು ಪೆಟ್ರೋಲ್ ಕುಡಿದು ಭಾರವಾಗಿ ಮುಳುಗುತ್ತಿವೆ, ಬದಲಿಸಿ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು, ಅಡುಗೆಮನೆಯದು ಸಾಲದು. ಎರಡೂ ಏರಿದ್ದರೆ ಕಾರ್ಬ್ಯುರೇಟರ್ ಕೂರುವ ರಬ್ಬರ್ ಸಾಕೆಟ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬಹುದು.

ಪ್ರಶ್ನೆ: ಬಂಕಿನ ಪೆಟ್ರೋಲಿನಲ್ಲಿ ಈಗ ಎಥೆನಾಲ್ ಇದೆ. ಕೆಪಾಸಿಟೆನ್ಸ್ ಬಗೆಯ ಟ್ಯಾಂಕ್ ಸೆನ್ಸರ್ ಅದರಿಂದ ತಪ್ಪು ತೋರಿಸುತ್ತದೆಯೇ? ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಇಲ್ಲೇ ಇದೆಯಲ್ಲ, ವಿಮಾನದ ಇಂಧನ ಸಿಗಬಹುದೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ತಪ್ಪು ತೋರಿಸುತ್ತದೆ, ಅದೂ ಅಪಾಯದ ದಿಕ್ಕಿಗೆ. ಈ ಸೆನ್ಸರ್ ಮಟ್ಟ ಓದುವುದು ಇಂಧನದ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ವಿದ್ಯುದಾವೇಶ ಹಿಡಿದಿಡುವ ಗುಣ, ನೆಚ್ಚಿಕೊಂಡು. ಪೆಟ್ರೋಲಿನದು ಸುಮಾರು 2, ಎಥೆನಾಲಿನದು ಸುಮಾರು 24. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಸೆನ್ಸರಿಗೆ ಎಥೆನಾಲ್ ಬೆರೆತದ್ದು ತಾಗಿದರೆ ಇರುವುದಕ್ಕಿಂತ ಹೆಚ್ಚು ಇದೆ ಎಂದು ಓದುತ್ತದೆ. ತೇಲುವ ಫ್ಲೋಟಿನ ಸೆಂಡರಿಗೆ ಈ ಸಮಸ್ಯೆಯಿಲ್ಲ, ಅದನ್ನೇ ಹಾಕಿ.

ಆದರೆ ಇದಕ್ಕಿಂತ ದೊಡ್ಡ ಪ್ರಶ್ನೆ ಎಂಜಿನ್ನಿನದು. ರೋಟಾಕ್ಸ್ 912ಕ್ಕೆ ಕಂಪೆನಿ ಒಪ್ಪುವುದು ಶೇ. 10ರ ತನಕದ ಎಥೆನಾಲ್ ಮಾತ್ರ. ಶೇ. 20 ಬೆರೆತದ್ದನ್ನು ಹಾಕಬೇಡಿ. ತೇವದ ಗಾಳಿಯಿಂದ ಅದು ನೀರು ಹೀರಿಕೊಂಡು, ಹೆಚ್ಚಾದಾಗ ನೀರು ಮತ್ತು ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ನೀರು ಬೆರೆಸಿ ಎಥೆನಾಲ್ ತೆಗೆಯುವ ಉಪಾಯವೂ ಬೇಡ, ಎಥೆನಾಲಿನ ಜೊತೆ ಆಕ್ಟೇನೂ ಹೋಗುತ್ತದೆ. ಯುಎಲ್‌ಎಸ್‌ಗೆ ಕನಿಷ್ಠ 95 ಆಕ್ಟೇನ್ ಬೇಕು.

ಎಂಆರ್‌ಪಿಎಲ್ ತಯಾರಿಸುವ ವಿಮಾನ ಇಂಧನ ಎಟಿಎಫ್, ಸೀಮೆಎಣ್ಣೆಯ ಜಾತಿಯದು, ಜೆಟ್ ಎಂಜಿನ್ನಿಗೆ. ನಿಮ್ಮ ಟ್ಯಾಂಕಿಗೆ ಅದು ಒಂದು ಲೀಟರೂ ಹೋಗಕೂಡದು. ನಿಮಗೆ ಬೇಕಾದದ್ದು ಏವಿಗ್ಯಾಸ್ 100 ಎಲ್‌ಎಲ್. ಇದನ್ನು ಇಂಡಿಯನ್ ಆಯಿಲ್ 2022ರಲ್ಲಿ ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿತು. ಪೂರೈಕೆಯ ಮಾತನ್ನು ಎಂಜಿನ್ ಚಾಲೂ ಮಾಡುವ ದಿನಕ್ಕೆ ಬಹಳ ಮೊದಲೇ ಮುಗಿಸಿ. ಅದರಲ್ಲಿ ಸೀಸ ಇರುವುದರಿಂದ, ಹಾರಾಟದ ಶೇ. 30ಕ್ಕಿಂತ ಹೆಚ್ಚು ಹೊತ್ತು ಅದನ್ನೇ ಬಳಸಿದರೆ ಆಯಿಲನ್ನು 25 ಗಂಟೆಗೊಮ್ಮೆ ಬದಲಿಸಬೇಕು.

ಮಟ್ಟ ಹೊಂದಿಸುವಾಗ ವಿಮಾನವನ್ನು ಹಾರುವ ಭಂಗಿಯಲ್ಲಿ ನಿಲ್ಲಿಸಿ, ಖಾಲಿ ಟ್ಯಾಂಕಿಗೆ 5 ಲೀಟರಿನಂತೆ ಸುರಿಯುತ್ತ ಪ್ರತಿ ಹಂತವನ್ನೂ ಮಾನಿಟರಿನಲ್ಲಿ ದಾಖಲಿಸಿ. ಸುರಿಯುವ ಮೊದಲು ಕ್ಯಾನ್, ಆಲಿಕೆ, ವಿಮಾನ ಮೂರನ್ನೂ ಅರ್ಥ್ ವೈರಿನಿಂದ ಜೋಡಿಸಿ. ಪ್ಲಾಸ್ಟಿಕ್ ಕ್ಯಾನ್ ಬೇಡ.

ಪ್ರಶ್ನೆ: ಹಳೆಯ ಲೈಕಮಿಂಗ್ ಒ-320 ಇದೆ. ಹೆಡ್ ಉಷ್ಣತೆಯ ಎಚ್ಚರಿಕೆ ಎಷ್ಟಕ್ಕೆ ಇಡಬೇಕು? ಎರಡು ಮಳೆಗಾಲ ಕಳೆದ ಮೇಲೆ ಎರಡು ಹೆಡ್ಡಿನ ಅಂಕಿ ಕುಣಿಯುತ್ತಿದೆ.
— ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಕಂಪೆನಿಯ ಕೊನೆಯ ಮಿತಿ 260 ಡಿಗ್ರಿ. ಅದಕ್ಕೆ ಎಚ್ಚರಿಕೆ ಇಟ್ಟರೆ ತಡವಾಯಿತು. ಎಂಜಿನ್ ಬಾಳಿಕೆ ಬರಬೇಕಾದರೆ ವೇಗದ ಕ್ರೂಸಿನಲ್ಲೂ 224 ದಾಟಬಾರದು. ಹಳದಿಯನ್ನು 204ಕ್ಕೆ, ಕೆಂಪನ್ನು 224ಕ್ಕೆ ಇಡಿ. ಒಂದು ಹೆಡ್ ಮಾತ್ರ ಸರ್ರನೆ ಏರುತ್ತಿದ್ದು ಅದರ ಇಜಿಟಿ ಇಳಿಯುತ್ತಿದ್ದರೆ ಅದು ಡೆಟೊನೇಷನ್ (ಮಿಶ್ರಣ ಕ್ರಮವಾಗಿ ಉರಿಯದೆ ಸಿಡಿಯುವುದು) ಅಥವಾ ಅಕಾಲ ದಹನದ ಲಕ್ಷಣ. ತಕ್ಷಣ ಶಕ್ತಿ ಇಳಿಸಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸಿ, ಇಳಿಯಲು ಜಾಗ ನೋಡಿ.

ಅಂಕಿ ಕುಣಿಯುವುದಕ್ಕೆ ಕಾರಣ ಹೆಚ್ಚಾಗಿ ತುಕ್ಕು. ಹೆಡ್ಡಿಗೆ ಹಲವು ಮಾನಿಟರುಗಳು ಬಳಸುವ ಜೆ ವರ್ಗದ ಥರ್ಮೊಕಪಲ್ಲಿನ ಒಂದು ತಂತಿ ಶುದ್ಧ ಕಬ್ಬಿಣ. ಅಮೆರಿಕದ ಬಣ್ಣದಲ್ಲಿ ಬಿಳಿಯದು. ಕ್ರಿಂಪ್ ಒಳಗೆ ತೇವ ಸೇರಿದರೆ ಅದು ತುಕ್ಕು ಹಿಡಿದು ಪುಡಿಯಾಗುತ್ತದೆ. ತುದಿಯನ್ನು ಎರಡು ಸೆಂಟಿಮೀಟರ್ ಕತ್ತರಿಸಿ, ಹೊಳೆಯುವ ಲೋಹ ಕಂಡ ಮೇಲೆ ಹೊಸ ಕ್ರಿಂಪ್ ಹಾಕಿ, ಅಂಟಿನ ಹೀಟ್‌ಶ್ರಿಂಕ್ ತೊಡಿಸಿ. ಜೆಪಿಐಯಲ್ಲಿ ಹೆಡ್ಡಿಗೂ ಕೆ ವರ್ಗವೇ ಇರುವುದು ಕರಾವಳಿಗೆ ಒಂದು ಅನುಕೂಲ. ಪ್ಲಗ್ಗಿನ ಕೆಳಗಿನ ಉಂಗುರದ ಪ್ರೋಬನ್ನು ಒಂದು ಸಿಲಿಂಡರಿಗೆ ಹಾಕಿ ಉಳಿದವಕ್ಕೆ ಹೆಡ್ಡಿನ ಕುಳಿಯ ಪ್ರೋಬ್ ಹಾಕಿದ್ದರೆ ಅವೆರಡನ್ನು ಹೋಲಿಸಬೇಡಿ, ಉಂಗುರದ್ದು ಹತ್ತಾರು ಡಿಗ್ರಿ ಬೇರೆಯೇ ಓದುತ್ತದೆ.

ಇನ್ನೆರಡು ವಿಷಯ ಇದೇ ಸಂದರ್ಭದಲ್ಲಿ ನೋಡಿ. ಆಯಿಲ್ ಒತ್ತಡದ ಸೆಂಡರ್ ಎಂಜಿನ್ನಿಗೇ ನೇರ ತಿರುಗಿಸಿದ್ದರೆ ತೆಗೆದು ಫೈರ್‌ವಾಲ್‌ಗೆ ಕಟ್ಟಿ, ನಡುವೆ ಹೋಸ್ ಹಾಕಿ. ಕಂಪನಕ್ಕೆ ಹಿತ್ತಾಳೆಯ ಫಿಟ್ಟಿಂಗ್ ಮುರಿದರೆ ಆಯಿಲೆಲ್ಲ ಹೊರಗೆ. ಎಂಜಿನ್ ಕಡೆ ಉಕ್ಕಿನ ಫಿಟ್ಟಿಂಗ್ ಇರಲಿ, ಅದರಲ್ಲಿ ಸುಮಾರು 1 ಮಿಲಿಮೀಟರಿನ ತೂತು ಮಾತ್ರ ಇರಲಿ. ಆಗ ಹೋಸ್ ಒಡೆದರೂ ಆಯಿಲ್ ನಿಧಾನವಾಗಿ ಹೋಗಿ, ಇಳಿಯಲು ಸಮಯ ಸಿಗುತ್ತದೆ. ಆರ್‌ಪಿಎಂ ಸಿಗ್ನಲನ್ನು ಪಿ-ಲೀಡಿನಿಂದ, ಅಂದರೆ ಸ್ಪಾರ್ಕ್ ಹುಟ್ಟಿಸುವ ಮ್ಯಾಗ್ನೆಟೊವನ್ನು ಅರ್ಥ್ ಮಾಡಿ ಆರಿಸುವ ವೈರಿನಿಂದ, ತೆಗೆದಿದ್ದರೆ ಮ್ಯಾಗ್ನೆಟೊ ಪಕ್ಕದಲ್ಲೇ 30 ಕಿಲೊಓಮ್ ರೆಸಿಸ್ಟರ್ ಇರಬೇಕು. ಮಾನಿಟರ್ ಬದಿಯಲ್ಲಿ ಹಾಕಿದರೆ, ದಾರಿಯಲ್ಲಿ ವೈರು ಎಲ್ಲಾದರೂ ಉಜ್ಜಿ ಅರ್ಥ್‌ಗೆ ತಾಗಿದಾಗ ಆ ಮ್ಯಾಗ್ನೆಟೊ ಸತ್ತುಹೋಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಹಾರಲಾಗದು. ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿಟ್ಟರೆ ಸಾಕೇ?
— ಓದುಗರೊಬ್ಬರು, ಬಜಪೆ

ಉತ್ತರ: ಬೇಡ. ಉರಿಯುವಾಗ ಹುಟ್ಟುವ ನೀರಿನ ಆವಿ ಆಯಿಲಿಗೆ ಸೇರುತ್ತದೆ. ಅದು ಆರಿಹೋಗಬೇಕಾದರೆ ಆಯಿಲ್ 100 ಡಿಗ್ರಿ ಮುಟ್ಟಬೇಕು. ಹಾರಿದ ದಿನ ಒಮ್ಮೆಯಾದರೂ ಅಷ್ಟು ಬಿಸಿಯಾಗಲಿ ಎಂದು ರೋಟಾಕ್ಸ್ ಹೇಳುವುದು ಇದಕ್ಕೇ. ನೆಲದ ಮೇಲಿನ ಹತ್ತು ನಿಮಿಷದಲ್ಲಿ ಅದು ಮುಟ್ಟಿತೇ ಎಂದು ಮಾನಿಟರಿನ ದಾಖಲೆ ತೆರೆದು ನೋಡಿ, ಹೆಚ್ಚಾಗಿ 60, 70ರಲ್ಲೇ ನಿಂತಿರುತ್ತದೆ. ಅಂಥ ಓಟ ನೀರು ಸೇರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಜೂನ್ ಬರುವ ಮೊದಲು ಆಯಿಲ್ ಬದಲಿಸಿ, ಕೈಪಿಡಿಯ ಕ್ರಮದಲ್ಲಿ ಸಿಲಿಂಡರಿಗೆ ಸಂರಕ್ಷಕ ಎಣ್ಣೆ ಸಿಂಪಡಿಸಿ, ಎಕ್ಸಾಸ್ಟ್, ಗಾಳಿಯ ಬಾಯಿ, ಟ್ಯಾಂಕಿನ ಗಾಳಿಕೊಳವೆ ಎಲ್ಲಕ್ಕೂ ಬಿರಡೆ ಹಾಕಿ ಕೆಂಪು ಪಟ್ಟಿ ಕಟ್ಟಿ. ಇಲ್ಲದಿದ್ದರೆ ಮಣ್ಣಿನ ಗೂಡು ಕಟ್ಟುವ ಕಣಜ ಮೊದಲು ಹುಡುಕುವುದೇ ಆ ತೂತುಗಳನ್ನು. ಪ್ಯಾನೆಲ್ ಹಿಂದೆ ಸಿಲಿಕಾ ಜೆಲ್ ಚೀಲ ಇಟ್ಟು, ತೇವ ಹೀರಿ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ.

ಪ್ರಶ್ನೆ: ಮಾನಿಟರ್ ಬದಲಿಸಿದರೆ ಅನುಮತಿಯ ಕಾಗದ ಬದಲಾಗುತ್ತದೆಯೇ?
— ಓದುಗರೊಬ್ಬರು, ಕದ್ರಿ

ಉತ್ತರ: ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಗೆ ಕೊಟ್ಟ ಕಡತದಲ್ಲಿ ಉಪಕರಣಗಳ ಪಟ್ಟಿ ಇದ್ದರೆ, ಬದಲಿಸುವ ಮೊದಲೇ ಬರವಣಿಗೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ಹಳೆಯದನ್ನೂ ಹೊಸದನ್ನೂ ವೈರಿನ ಸಮೇತ ತೂಗಿ, ತೂಕ ಮತ್ತು ಸಮತೋಲನದ ಲೆಕ್ಕವನ್ನು ಹೊಸದಾಗಿ ಬರೆದು, ಬದಲಾದ ವೈರಿಂಗ್ ನಕ್ಷೆಯೊಂದಿಗೆ ಲಾಗ್‌ಬುಕ್ಕಿಗೆ ಸೇರಿಸಿ. ಹೊಸ ಮಾನಿಟರಿನಲ್ಲಿ ಲಿಥಿಯಂ ಬ್ಯಾಕಪ್ ಬ್ಯಾಟರಿ ಇದ್ದರೆ ಅದು ಅಪಾಯಕಾರಿ ಸರಕಿನ ನಿಯಮಕ್ಕೆ ಒಳಪಡುತ್ತದೆ. ಮಾರುವವರು ಅದನ್ನು ಘೋಷಿಸಿಯೇ ಕಳಿಸುವಂತೆ ಆರ್ಡರ್ ಕೊಡುವಾಗಲೇ ಕೇಳಿಕೊಳ್ಳಿ.